ಕುರಿಗೊಬ್ಬರದ ಬನ್ನಿ

ಮುಳ್ಳು ತುಳಿಯುವುದರಲ್ಲಿ ನನಗೆ ಒಂದು ಪ್ರತಿಭೆಯೇ ಇದೆ. ಇಡೀ ದಾರಿ ಗುಡಿಸಿಟ್ಟಂತೆ ಚೊಕ್ಕಟವಾಗಿದ್ದು ಎಲ್ಲೋ ಮೂಲೆಯಲ್ಲಿ ಒಂದೇ ಒಂದು ಮುಳ್ಳು ಬಿದ್ದಿದೆ ಅನ್ನಿ, ಅದು ನನ್ನ ಕಾಲಿಗಾಗಿಯೇ ಕಾದು ಕೂತಿರುತ್ತದೆ. ಮೊನ್ನೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಾಲ್ಕು ಹೆಜ್ಜೆ ಹಾಕಿ ಬರೋಣವೆಂದು ಹೋದವಳು ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದೆ. ಮೆಟ್ಟಿಲ ಮೇಲೆ ಕೂತು, ಸೆರಗಿನ ಪಿನ್ನು ತೆಗೆದು, ಕನ್ನಡಕ ಏರಿಸಿಕೊಂಡು ಅಟ್ಟೆ ಕೆದಕಿದರೆ ಹೊರಗೆ ಬಂದದ್ದು ಬಳ್ಳಾರಿ ಜಾಲಿಯ ಮುಳ್ಳು. ಚೂರು ಕಡ್ಡಿಯ ಸಮೇತ ಬಂದಿತ್ತು. ಗಿಣ್ಣಿನ ಆ ಪಕ್ಕಕ್ಕೊಂದು, ಈ ಪಕ್ಕಕ್ಕೊಂದು, ಜೋಡಿ ಮುಳ್ಳು. ಕಿತ್ತ ಮುಳ್ಳನ್ನು ಬಿಸಾಡಬೇಕು ತಾನೆ? ನಾನು ಅಂಗೈಯಲ್ಲಿಟ್ಟುಕೊಂಡು ನಗುತ್ತ ಕೂತುಬಿಟ್ಟೆ. ಎದುರುಮನೆಯಾಕೆ ನೋಡಿ, "ಏನ್ರೀ, ಮುಳ್ಳು ಚುಚ್ಚಿದ್ದಕ್ಕೆ ಇಷ್ಟು ಖುಷಿನಾ?" ಅಂದರು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದ ಆಕೆಗೆ ಏನು ಹೇಳಲಿ? ನಿಮಗಾದರೆ ಹೇಳಬಹುದು, ನಿಮಗೆ ಪುರುಸೊತ್ತಿದೆ.

ನಾವು ಕೃಷ್ಣಮೂರ್ತಿಪುರಂನ ವಠಾರ ಬಿಟ್ಟು ಸರಸ್ವತಿಪುರಂನ ಸ್ವಂತ ಮನೆಗೆ ಬಂದದ್ದು ಐವತ್ತರ ದಶಕದ ನಡುವಿನಲ್ಲಿ. ಆಗ ನಮ್ಮ ಬೀದಿ ಮುಗಿದ ಕಡೆ ಊರೇ ಮುಗಿದು ಕುರುಚಲು ಶುರುವಾಗುತ್ತಿತ್ತು. ತಂಗಡಿ, ಲಂಟಾನ, ಕಾರೆಮುಳ್ಳು, ಎಕ್ಕ, ನಡುನಡುವೆ ಪಾಪಾಸುಕಳ್ಳಿ. ಸಂಜೆಯಾದರೆ ಅಲ್ಲಿಂದ ಕುರಿಮಂದೆ ನಮ್ಮ ಗೇಟಿನ ಮುಂದೆಯೇ ಹಾದುಹೋಗುತ್ತಿತ್ತು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಹಳ್ಳಿಯ ಒಕ್ಕಲು ಮನೆತನದಿಂದ ಬಂದು ಮೈಸೂರಿನಲ್ಲಿ ಮನೆ ಕಟ್ಟಿಸಿದ ಮೊದಲನೆಯವರು. ಗೇಟಿಗೆ ಹೆಸರಿನ ಹಲಗೆ ಹಾಕಿಸಿದ ದಿನ ರಸ್ತೆಯ ಆಚೆಗೆ ಹೋಗಿ ನಿಂತು, ದಾರಿಹೋಕರಂತೆ ಅದನ್ನು ಓದಿಕೊಂಡು ಬಂದರು. ಅವ್ವನಿಗೆ ಮಾತ್ರ ಆ ಮನೆ ಹಿಡಿಸಲಿಲ್ಲ.

"ಇದೆಂತ ಮನೆ ಅಂತ ಕಟ್ಸುದ್ರವ್ವ ನಿಮ್ಮಪ್ಪ! ಒಬ್ರೂ ಇಣುಕ್ ನೋಡಲ್ವಲ್ಲ. ಇಲ್ಲಿ ಬಾಗ್ಲು ತಟ್ಬುಟ್ಟು ಬರ್ಬೇಕಂತೆ. ಬಾಗ್ಲು ಆಕ್ಕೊಳೋದ್ಯಾಕೆ, ತಟ್ಟೋದ್ಯಾಕೆ?"

ವಠಾರದಲ್ಲಿ ಇದ್ದದ್ದು ಒಂದೇ ನಲ್ಲಿ. ಬೆಳಿಗ್ಗೆ ಅದರ ಮುಂದೆ ಜಗಳ, ಮಧ್ಯಾಹ್ನ ಅದೇ ಜಗಳಗಂಟಿಯರು ಅವ್ವನ ಜೊತೆ ಕೂತು ಅವರೆಕಾಯಿ ಸುಲಿಯುವುದು. ಹೊಸ ಬೀದಿಯಲ್ಲಿ ಮನೆಮನೆಗೂ ನಲ್ಲಿ. ಜಗಳಕ್ಕೆ ಕಾರಣವೇ ಇಲ್ಲದ ಮೇಲೆ ಸ್ನೇಹ ಎಲ್ಲಿಂದ ಬರಬೇಕು? ಎಲ್ಲ ಸಂಬಳದ ಜನ, ನಯವಾದ ಮಾತಿನವರು. ಗೇಟಿನ ಬಳಿ ಕಂಡರೆ "ಚೆನ್ನಾಗಿದೀರಾ?" ಅನ್ನುವರು. ಅವ್ವ ತನ್ನ ಮಂಡಿನೋವಿನಿಂದ ಹಿಡಿದು ವಿವರವಾಗಿ ಉತ್ತರ ಶುರುಮಾಡುವ ಹೊತ್ತಿಗೆ ಅವರು ಒಳಗೆ ಹೋಗಿರುತ್ತಿದ್ದರು. ಒಮ್ಮೆ ಅವಳು ಯಾರಿಗೋ "ಊವು ಬೇಕೇನವ್ವ?" ಎಂದು ಕೇಳಿದ್ದಕ್ಕೆ ಆ ಮನೆಯ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು. ಆಮೇಲೆ ಅವ್ವ ಹೂವು ಕೊಡುವುದನ್ನು ನಿಲ್ಲಿಸಲಿಲ್ಲ, ಮಾತು ನಿಲ್ಲಿಸಿದಳು. ನನಗೆ ಅದನ್ನು ನೋಡಿ ಬಹಳ ಸಂಕಟವಾಗುತ್ತಿತ್ತು. ಅವಳಿಗೆ ಬೇಕಾಗಿದ್ದುದು ದೊಡ್ಡದೇನಲ್ಲ. ಆ ಬೀದಿಯವರು ಯಾರಾದರೂ ಹೊಸಲು ದಾಟಿ ಒಳಗೆ ಬಂದು, ಚಾಪೆಯ ಮೇಲೆ ಕೂತು, ಏನಾದರೂ ಬಾಯಿಗೆ ಹಾಕಿಕೊಂಡು ಹೋಗಬೇಕು, ಅಷ್ಟೆ.

ಇಂಥದ್ದರಲ್ಲಿ ಅಪ್ಪ ಹಿತ್ತಲಿಗೆ, ಮುಂದಿನ ಅಂಗಳಕ್ಕೆ ಎಂದು ಒಂದು ಗಾಡಿ ಕುರಿಗೊಬ್ಬರ ಹೊಡೆಸಿದರು. ಒಂದು ವಾರ ನಮ್ಮ ಮನೆಯ ಮುಂದೆ ಯಾರೂ "ಚೆನ್ನಾಗಿದೀರಾ" ಎಂದು ಕೂಡ ಕೇಳಲಿಲ್ಲ, ಸೆರಗನ್ನು ಮೂಗಿಗೆ ಹಿಡಿದು ಓಡಿದರು. ಮಳೆ ಬಿತ್ತು. ಕಾಂಪೌಂಡಿನ ಮೂಲೆಯಲ್ಲಿ ಒಂದು ಸಸಿ ಎದ್ದಿತು. ಪುಟ್ಟ ಪುಟ್ಟ ಎಲೆಯ ಗರಿ, ಎಳೆಯ ಮುಳ್ಳು. ಅವ್ವ ಅದನ್ನು ಕಂಡವಳೇ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟು ಕೈಮುಗಿದಳು.

"ಬನ್ನಿ ಕಣವ್ವ, ಬನ್ನಿ! ಯಾರೂ ನೆಡ್ದೆ ತಾನೇ ತಾನಾಗಿ ಉಟ್ಟವ್ಳೆ ತಾಯಿ!"

ಅವ್ವನ ತೌರೂರಿನಲ್ಲಿ ಊರಬಾಗಿಲಿಗೆ ಒಂದು ಮುದಿ ಬನ್ನಿಮರವಿತ್ತು. ವಿಜಯದಶಮಿಯ ದಿನ ಊರಿಗೆ ಊರೇ ಅದರಡಿ ಸೇರುತ್ತಿತ್ತು. ಅದರ ಎಲೆಯೂ ಹೀಗೆಯೇ, ಮುಳ್ಳೂ ಹೀಗೆಯೇ ಅನ್ನುವುದು ಅವಳ ವಾದ. ಅಪ್ಪ ಬಗ್ಗಿ ನೋಡಿ, "ಯಾವ್ದೋ ಜಾಲಿ ಇದ್ದಂಗದೆ ಕಣೆ" ಎಂದರು. "ನಿಮ್ಗೆ ಆಪೀಸ್ನಲ್ಲಿ ಫೈಲೆಲ್ಲಾ ಒಂದೇ ತರ, ಇಲ್ಲಿ ಗಿಡಾನೂ ಒಂದೇ ತರ" ಎಂದು ಅವ್ವ ಬಾಯಿ ಮುಚ್ಚಿಸಿದಳು. ಕುರಿಗಳು ಕುರುಚಲಲ್ಲಿ ಜಾಲಿಯ ಸಿಹಿಕಾಯಿ ತಿಂದು ಬೀಜವನ್ನು ಹಿಕ್ಕೆಯ ಜೊತೆ ಊರೆಲ್ಲ ಹಂಚುತ್ತವೆ ಅನ್ನುವ ಪಾಠ ನಮ್ಮ ಮೂವರಲ್ಲಿ ಯಾರಿಗೂ ಆಗಿರಲಿಲ್ಲ.

ಗಿಡ ಬೆಳೆಯಿತು ನೋಡಿ! ನೀರು ಹಾಕಿದ ದಿನವೂ ಬೆಳೆಯಿತು, ಮರೆತ ದಿನವೂ ಬೆಳೆಯಿತು. "ಬನ್ನಿ ಇಷ್ಟು ಬೇಗ ಏಳುತ್ಯೇ?" ಎಂದು ಯಾರೋ ಕೇಳಿದರೆ "ಭಕ್ತಿ ಇದ್ರೆ ಏಳ್ತದೆ" ಎಂಬ ಉತ್ತರ ಸಿದ್ಧವಾಗಿತ್ತು. ಕೊನೆಗೊಂದು ದಿನ ಅದನ್ನು ಕಡಿಸಿದೆವು ಅನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ. ಕಡಿಸಿದ ಮೇಲೂ ಬುಡದಿಂದ ಚಿಗುರಿ ಚಿಗುರಿ ಅಪ್ಪನನ್ನು ಅಣಕಿಸಿತು. ಸೌದೆ ಮಾತ್ರ ಬಚ್ಚಲ ಹಂಡೆಯ ಕೆಳಗೆ ಎಷ್ಟು ಸೊಗಸಾಗಿ ಉರಿಯಿತೆಂದರೆ ಆ ಚಳಿಗಾಲವೆಲ್ಲ ನಮ್ಮ ಮನೆಯಲ್ಲಿ ಸ್ನಾನಕ್ಕೆ ಹೋದವರು ಹೊರಗೆ ಬರುತ್ತಿರಲಿಲ್ಲ. ಇರಲಿ. ಗಿಡದ ಸುತ್ತ ಅವ್ವ ಕೊತ್ತಂಬರಿ ಹಾಕಿದಳು, ದಂಟಿನ ಸೊಪ್ಪು ಹಾಕಿದಳು, ಸೇವಂತಿಗೆ ನೆಟ್ಟಳು. ಒಂದೂ ಏಳಲಿಲ್ಲ. ಯಾರದೋ ಕಣ್ಣು ಬಿದ್ದಿದೆ ಎಂದು ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ನಾವು ಮೂವರೂ ಕೆಮ್ಮಿದೆವು, ಕೊತ್ತಂಬರಿ ಏಳಲಿಲ್ಲ.

ದಸರೆ ಬಂದರೆ ಮೈಸೂರಿನವರಿಗೆ ಬನ್ನಿಯ ಮಹತ್ವವನ್ನು ಹೇಳಬೇಕಾಗಿಲ್ಲ. ಜಂಬೂಸವಾರಿ ಹೊರಟು ಸೇರುವುದೇ ಬನ್ನಿಮಂಟಪಕ್ಕೆ. ಅಂದು ಸಂಜೆ ಬನ್ನಿಯ ಎಲೆಯನ್ನು ದೊಡ್ಡವರ ಕೈಗಿಟ್ಟು ನಮಸ್ಕಾರ ಮಾಡದಿದ್ದರೆ ಹಬ್ಬ ಮುಗಿದಂತೆಯೇ ಅಲ್ಲ. ನಮ್ಮ ಬೀದಿಯವರು ಎಲೆಗಾಗಿ ದೂರದ ದೇವಸ್ಥಾನಕ್ಕೆ ನಡೆಯಬೇಕಿತ್ತು. ಪಕ್ಕದ ಮನೆಯ ಸುಬ್ಬರಾಯರು ನಿವೃತ್ತ ಹೆಡ್‌ಮಾಸ್ಟರು, ಅವರ ಹೆಂಡತಿ ಶೇಷಮ್ಮ. ಆ ವರ್ಷ ಶೇಷಮ್ಮನವರು ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ರೀ ಇದು, ನಿಮ್ಮನೇಲಿ ಬನ್ನಿ ಇದೆಯೇ? ಎಂಥ ಪುಣ್ಯ ಕಣ್ರೀ!" ಎಂದರು. ಮುಗಿಯಿತು. ಸಂಜೆ ಸುಬ್ಬರಾಯರು ಮಡಿಯುಟ್ಟು ಬಂದು, ಶಮೀವೃಕ್ಷದ ಶ್ಲೋಕ ಹೇಳುತ್ತ ಪ್ರದಕ್ಷಿಣೆ ಹಾಕಿದರು. ಅವರ ಹಿಂದೆ ಬೀದಿಯೇ ಬಂತು. ಎದುರುಮನೆಯ ಮೇರಿಯಮ್ಮನವರೂ ಬಂದು ಒಂದು ಎಲೆಗರಿ ಇಸಕೊಂಡು ಪ್ರಾರ್ಥನೆಯ ಪುಸ್ತಕದೊಳಗೆ ಇಟ್ಟುಕೊಂಡರು.

ಅಂದಿನಿಂದ ನಮ್ಮದು 'ಬನ್ನಿಮನೆ' ಆಯಿತು. ಅಪ್ಪನ ಹೆಸರಿನ ಹಲಗೆಯನ್ನು ಯಾರೂ ಓದುತ್ತಿರಲಿಲ್ಲ. ಅವ್ವ ಪ್ರತಿವರ್ಷ ಆಯುಧಪೂಜೆಯ ದಿನ ಅರಿಸಿನ ಕುಂಕುಮದ ತಟ್ಟೆ ಹಿಡಿದು ಮನೆಮನೆಗೂ ಹೋಗಿ, "ನಾಳೆ ಬನ್ನಿಗೆ ಬನ್ರವ್ವ" ಎಂದು ಕರೆದು ಬರುತ್ತಿದ್ದಳು. ಮರುದಿನ ಒಬ್ಬಟ್ಟು ಮಾಡಿ, ಹಜಾರದಲ್ಲಿ ಚಾಪೆ ಹಾಸಿ ಕಾಯುತ್ತಿದ್ದಳು. ಜನ ಬರುತ್ತಿದ್ದರು, ಗಿಡ ಸುತ್ತುತ್ತಿದ್ದರು, ಎಲೆ ತೆಗೆದುಕೊಳ್ಳುತ್ತಿದ್ದರು. "ಬರ್ತೀವಮ್ಮ" ಎಂದು ಗೇಟಿನಿಂದಲೇ ತಿರುಗುತ್ತಿದ್ದರು. ಸುಬ್ಬರಾಯರಂತೂ ನಮ್ಮ ಮೆಟ್ಟಿಲನ್ನೂ ಮುಟ್ಟಿದವರಲ್ಲ. ಅವರ ಮಡಿ, ಅವರ ಕಾಲ, ಕೇಳುವವರು ಯಾರು? ಒಬ್ಬಟ್ಟನ್ನು ನಾವೇ ಮೂರು ದಿನ ತಿನ್ನುತ್ತಿದ್ದೆವು.

"ಗೇಟಿನ್ ಒಳೀಕ್ ಬಂದವ್ರು ಒಂದಿನ ಮನೆ ಒಳೀಕೂ ಬತ್ತಾರೆ ಬುಡು" ಎಂದು ಅವ್ವ ಚಾಪೆ ಸುತ್ತಿ ಮೂಲೆಗೆ ನಿಲ್ಲಿಸುತ್ತಿದ್ದಳು.

ಈ ನಡುವೆ ನಾನು ಕಾಲೇಜಿನಲ್ಲಿ ಬಾಟನಿ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದು ಸ್ವಲ್ಪ ದೊಡ್ಡ ಮಾತು. ಹೂವಿನ ಚಿತ್ರವನ್ನು ಚೆನ್ನಾಗಿ ಬಿಡಿಸುತ್ತಿದ್ದೆ, ಲ್ಯಾಟಿನ್ ಹೆಸರುಗಳನ್ನು ಮಂತ್ರದ ಹಾಗೆ ಒಪ್ಪಿಸುತ್ತಿದ್ದೆ. ದಿನಾ ಬೆಳಿಗ್ಗೆ ಆ ಗಿಡದ ಪಕ್ಕದಲ್ಲಿ ನಿಂತೇ ಹಲ್ಲುಜ್ಜುತ್ತಿದ್ದ ಬಾಟನಿ ವಿದ್ಯಾರ್ಥಿನಿಗೆ ಒಂದು ದಿನವೂ ಒಂದು ಅನುಮಾನ ಸುಳಿಯಲಿಲ್ಲ ಅಂದರೆ ನನ್ನ ವಿದ್ಯೆ ಯಾವ ಮಟ್ಟದ್ದೆಂದು ನೀವೇ ಅಳೆದುಕೊಳ್ಳಿ.

ಒಂದು ವರ್ಷ ದಸರೆಗೆ ಸ್ವಲ್ಪ ಮುಂಚೆ ನಮ್ಮ ಬಾಟನಿ ಮೇಷ್ಟ್ರು ಮೈಸೂರಿನ ಹೊರಗಿನ ಹೆಬ್ಬಾಳದ ಕುರುಚಲಿಗೆ ಹೋಗಿ ಸಸ್ಯಸಮುದಾಯದ ಅಧ್ಯಯನ ಮಾಡಬೇಕು ಎಂದರು. ಈಗ ಕಾರ್ಖಾನೆಗಳ ಸೈರನ್ ಕೂಗುವ ಹೆಬ್ಬಾಳ ಆಗ ಬರೀ ಕಲ್ಲು, ಮುಳ್ಳು, ಗೌಜಲಹಕ್ಕಿ. ಹುಡುಗರ ಜೊತೆ ಹೆಣ್ಣುಮಗಳು ಆ ಬಯಲಿಗೆ ಹೋಗುವುದೇ? ಅಪ್ಪ ಯೋಚನೆ ಮಾಡಿ ತೀರ್ಪು ಕೊಟ್ಟರು: "ನಿಮ್ಮವ್ವ ಜೊತೇಗ್ ಬಂದ್ರೆ ಓಗು." ಹೀಗೆ ನಮ್ಮ ತರಗತಿಗೆ ಅಂದು ಒಬ್ಬ ವಿದ್ಯಾರ್ಥಿನಿ ಹೆಚ್ಚಾದಳು. ಎಲೆಅಡಿಕೆ ಚೀಲ, ಬುತ್ತಿಯ ಗಂಟು, ಛತ್ರಿ ಸಮೇತ ಅವ್ವ ಜಟಕಾದಿಂದ ಇಳಿದದ್ದನ್ನು ಕಂಡು ಮೇಷ್ಟ್ರು ಗಾಬರಿಯಾಗಿ ಹ್ಯಾಟು ತೆಗೆದರು.

ಅಧ್ಯಯನದ ಕ್ರಮ ಹೀಗೆ. ನಾಲ್ಕು ಗೂಟಕ್ಕೆ ದಾರ ಕಟ್ಟಿದ ಒಂದು ಚೌಕ, ಅದಕ್ಕೆ ಕ್ವಾಡ್ರಾಟ್ ಎಂದು ಹೆಸರು. ಎಲ್ಲಿ ಹೂಡಬೇಕೆಂದು ನಾವು ಆರಿಸಬಾರದು. ಕಣ್ಣುಮುಚ್ಚಿ ಒಂದು ಕಲ್ಲನ್ನು ಹಿಂದಕ್ಕೆ ಎಸೆಯಬೇಕು, ಅದು ಬಿದ್ದಲ್ಲಿ ಗೂಟ ಹೊಡೆದು ಒಳಗಿರುವ ಗಿಡಗಳನ್ನೆಲ್ಲ ಎಣಿಸಬೇಕು. ಅವ್ವನ ಬಾಯಲ್ಲಿ ಕ್ವಾಡ್ರಾಟು ಮೊದಲ ಏಟಿಗೇ 'ಕ್ವಾಟ್ಲೆ' ಆಯಿತು. ನಮ್ಮ ಕಡೆ ಕ್ವಾಟ್ಲೆ ಅಂದರೆ ಪೀಡೆ, ಕಾಟ. "ಏಯ್, ನಿನ್ ಕ್ವಾಟ್ಲೆ ಅಲ್ಲೇ ಬುಟ್ಟು ಬಂದ್ಯಲ್ಲೇ!" ಎಂದು ಅವಳು ದೂರದಿಂದ ಕೂಗಿದರೆ ಹುಡುಗರೆಲ್ಲ ಹೊಟ್ಟೆ ಹಿಡಿದುಕೊಂಡರು. ಆದರೆ ಆ ದಿನದಿಂದ ಕಾಲೇಜು ಮುಗಿಯುವ ತನಕ ನಮ್ಮ ತರಗತಿಯಲ್ಲಿ ಯಾರೂ ಅದನ್ನು ಬೇರೆ ಹೆಸರಿನಿಂದ ಕರೆಯಲಿಲ್ಲ. ಮೇಷ್ಟ್ರ ಬಾಯಲ್ಲೂ ಒಮ್ಮೆ ಬಂದುಬಿಟ್ಟಿತು.

ಮೇಷ್ಟ್ರು ಪಾಠ ಚೆನ್ನಾಗಿ ಹೇಳುತ್ತಿದ್ದರು. ಗಿಡಗಳು ಬೇಕಾಬಿಟ್ಟಿ ಬೆಳೆಯುವುದಿಲ್ಲ, ಒಂದರ ಆಸರೆಯಲ್ಲಿ ಇನ್ನೊಂದು ಇರುತ್ತದೆ, ಕಾರೆಯ ಮುಳ್ಳಿನ ಮರೆಯಲ್ಲಿ ಮೇಕೆಯ ಬಾಯಿ ತಪ್ಪಿಸಿಕೊಂಡು ತುಂಬೆ, ಹುಲ್ಲು, ಸೀತಾಫಲದ ಸಸಿ ಬದುಕುತ್ತವೆ ಎಂದು ತೋರಿಸಿದರು. ಅವ್ವ ತಲೆದೂಗಿ, "ವಠಾರ ಇದ್ದಂಗೆ ಅನ್ನಿ ಸ್ವಾಮಿ" ಎಂದಳು. ಮೇಷ್ಟ್ರಿಗೆ ಬಹಳ ಸಂತೋಷವಾಯಿತು. ಆ ಸಂತೋಷದಲ್ಲೇ ಮುಂದೆ ಹೋದೆವು. ಅಲ್ಲೊಂದು ಹಸುರು ಮರ ಕಂಡಿತು. ಅವ್ವ ಚಪ್ಪಲಿ ಬಿಟ್ಟು, "ತಾಯಿ ಬನ್ನಿಮಾಂಕಾಳಿ" ಎಂದು ಅದಕ್ಕೆ ಕೈಮುಗಿದಳು.

"ಅಮ್ಮಾ, ಅದು ಬನ್ನಿ ಅಲ್ಲ" ಎಂದರು ಮೇಷ್ಟ್ರು, ಮೆಲ್ಲಗೆ. "ಅದು ಬಳ್ಳಾರಿ ಜಾಲಿ. ಪರದೇಶದ್ದು. ಬನ್ನಿ ಅಗೋ, ಅಲ್ಲಿದೆ ನೋಡಿ."

ಎರಡರ ರೆಂಬೆಯನ್ನೂ ತಂದು ಅವ್ವನ ಮುಂದೆ ಹಿಡಿದರು. ಜಾಲಿಯ ಮುಳ್ಳು ಗಿಣ್ಣಿಗೆ ಜೋಡಿಜೋಡಿ, ಉದ್ದ. ಬನ್ನಿಯದು ಗಿಣ್ಣುಗಳ ನಡುವೆ ಅಲ್ಲೊಂದು ಇಲ್ಲೊಂದು, ಮೋಟು. "ಎರಡೂ ಒಂದೇ ವಂಶದವು, ದಾಯಾದಿಗಳು ಅನ್ನಿ. ಎಳೆಯದರಲ್ಲಿ ಯಾರಿಗಾದರೂ ಮೋಸವಾಗುತ್ತೆ. ಆದರೆ ಕೆಳಗೆ ನೋಡಿ. ಬನ್ನಿಯ ಬುಡದಲ್ಲಿ ಹುಲ್ಲಿದೆ, ತುಂಬೆ ಇದೆ. ರೈತರು ಅದನ್ನ ಹೊಲದ ನಡುವೆಯೇ ಬಿಟ್ಟುಕೊಳ್ತಾರೆ. ಇದರ ಬುಡ ನೋಡಿ, ಬರೀ ನೆಲ. ಇದು ತಾನೊಬ್ಬನೇ ಬೆಳೆಯೋ ಜಾತಿ."

ಹುಡುಗರು ಬರೆದುಕೊಳ್ಳುತ್ತಿದ್ದರು. ಅವ್ವ ನನ್ನ ಪಕ್ಕಕ್ಕೆ ಸರಿದು ಪಿಸುಗುಟ್ಟಿದಳು: "ಅದ್ಕೇ ಕಣೆ ನನ್ ಕೊತ್ತಂಬ್ರಿ ಏಳ್ನಿಲ್ಲ."

ಆಮೇಲೆ ಅವಳು ಬುತ್ತಿ ಎಲ್ಲರಿಗೂ ಹಂಚಿದಳು, ತಾನು ತಿನ್ನಲಿಲ್ಲ. ಮನೆಗೆ ಬಂದವಳು ಸೀದಾ ಗಿಡದ ಹತ್ತಿರ ಹೋಗಿ ಗಿಣ್ಣುಗಳನ್ನು ಬೆರಳಿನಿಂದ ಸವರಿ ನೋಡಿದಳು. ಜೋಡಿ ಮುಳ್ಳು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ, ನಾನು ಮೊದಲೇ ಹೇಳಿರಲಿಲ್ಲವೇ ಅನ್ನುವ ಆಸೆಯನ್ನು ಬಹಳ ಕಷ್ಟಪಟ್ಟು ನುಂಗಿಕೊಂಡರು. "ಯಾರ್ಗೂ ಯೇಳ್ಬ್ಯಾಡ ಬುಡು. ಎಲೆ ಎಲೇನೇ. ಅವ್ರಿಗೇನ್ ಗೊತ್ತಾಯ್ತದೆ?" ಎಂದರು. ನಾನೂ ಅದನ್ನೇ ಹೇಳಿದೆ. ಇಷ್ಟು ವರ್ಷ ಗೇಟಿನವರೆಗೆ ಬಂದ ಜನ, ಇನ್ನೊಂದೆರಡು ದಸರೆ ಕಳೆದರೆ ಒಳಗೂ ಬಂದಾರು. ಈಗ ಹೇಳಿದರೆ ಹಳ್ಳಿಯವಳು ನಮ್ಮ ಕೈಲಿ ಜಾಲಿಗೆ ಪ್ರದಕ್ಷಿಣೆ ಹಾಕಿಸಿದಳು ಎಂದು ಬೀದಿಯೆಲ್ಲ ನಗುತ್ತದೆ. ಮತ್ತೆ ಯಾರೂ ಗೇಟನ್ನೂ ತೆಗೆಯುವುದಿಲ್ಲ.

ಅವ್ವ ಅನ್ನ ಕಲಸುತ್ತಲೇ ಇದ್ದಳು. "ಗೊತ್ತಿಲ್ದೆ ಮಾಡ್ದಾಗ ದ್ಯಾವ್ರು ನಗ್ತಾನೆ. ಗೊತ್ತಿದ್ದೂ ಮಾಡುದ್ರೆ? ಆ ರಾಯ್ರು ವಯಸ್ಸಾದವ್ರು, ಮಡೀಲಿ ಬಂದು ಸುತ್ತಾಕ್ತಾರೆ. ಅವ್ರಿಗೆ ನಾನ್ ಸುಳ್ ಕೊಡಕ್ಕಾಗಲ್ಲ."

ಆಯುಧಪೂಜೆಯ ದಿನ ಅವಳು ಎಂದಿನ ತಟ್ಟೆ ಹಿಡಿದು ಹೊರಟಳು. ನಾನು ಧೈರ್ಯವಂತೆ, ಕಿಟಕಿಯ ಪರದೆಯ ಹಿಂದೆ ನಿಂತೆ. ಸುಬ್ಬರಾಯರು ಗೇಟಿನಲ್ಲಿ ಸೈಕಲ್ಲಿಗೆ ಕುಂಕುಮ ಹಚ್ಚುತ್ತಿದ್ದರು.

"ರಾಯ್ರೇ, ನಾಳೀಕೆ ಬನ್ನಿಗೆ ಬರ್ಬ್ಯಾಡಿ. ಅದು ಬನ್ನಿ ಅಲ್ವಂತೆ. ಬಳ್ಳಾರಿ ಜಾಲಿಯಂತೆ, ಮುಳ್ಳು ಜೋಡಿ ಜೋಡಿ ಅವೆ. ನನ್ಗೂ ಗೊತ್ತಿರ್ನಿಲ್ಲ. ತೆಪ್ಪಾಯ್ತು."

ರಾಯರ ಕುಂಕುಮದ ಬೆರಳು ಹಾಗೇ ನಿಂತಿತು. "ಜಾಲಿಯೇ?" ಎಂದರು. "ಹಾಗಾದರೆ ಇಷ್ಟು ವರ್ಷ ನಾನು ಸುತ್ತಿದ್ದು..." ವಾಕ್ಯ ಮುಗಿಸದೆ ಒಳಗೆ ಹೋಗಿಬಿಟ್ಟರು. ಅವ್ವ ಪ್ರತಿ ಮನೆಗೂ ಹೋಗಿ ಅದೇ ಮಾತು ಹೇಳಿದಳು. ಕೆಲವರು "ಅಯ್ಯೋ" ಎಂದರು, ಇಬ್ಬರು ನಕ್ಕರು. ತಿರುಗಿ ಬಂದು ತಟ್ಟೆಯನ್ನು ದೇವರ ಮುಂದಿಟ್ಟು, ಗೋಡೆಗೆ ಒರಗಿ ಕೂತು ಅತ್ತಳು. ಅವಳು ಅತ್ತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ವಿಜಯದಶಮಿಯ ದಿನ ಬೀದಿಯೆಲ್ಲ ಮೆರವಣಿಗೆ ನೋಡಲು ಹೋಗಿತ್ತು. ಅವ್ವ ಗಿಡದ ಮುಂದೆ ರಂಗೋಲಿ ಹಾಕಲಿಲ್ಲ, ಚಾಪೆ ಹಾಸಲಿಲ್ಲ. ಒಬ್ಬಟ್ಟು ಮಾತ್ರ ಮಾಡಿದಳು, ಹಬ್ಬಕ್ಕೆ ಮಾಡದೆ ಇರುವುದು ಹೇಗೆಂದು. ದೀಪ ಹಚ್ಚುವ ಹೊತ್ತಿಗೆ ಗೇಟು ಕಿರ್ ಅಂದಿತು. ನೋಡಿದರೆ ಸುಬ್ಬರಾಯರು, ಶೇಷಮ್ಮ. ಹಿಂದೆ ಮೇರಿಯಮ್ಮ. ಅವರ ಹಿಂದೆ ಇನ್ನಷ್ಟು ಜನ. ರಾಯರು ಗಿಡದ ಕಡೆ ತಿರುಗಿಯೂ ನೋಡದೆ ನೇರವಾಗಿ ಮೆಟ್ಟಿಲವರೆಗೆ ಬಂದರು.

"ಕೈ ನೀಡಿ ತಾಯಿ" ಎಂದು ಅವ್ವನ ಬೊಗಸೆಗೆ ಎಲೆ ಸುರಿದರು. "ದೇವಸ್ಥಾನದ ಬನ್ನಿ. ಮುಳ್ಳು ನೋಡಿಯೇ ತಂದಿದೀನಿ."

ಒಬ್ಬೊಬ್ಬರೂ ಬಂದು ಅವಳ ಕೈಗೆ ಎಲೆಯಿಟ್ಟರು. ಎಲ್ಲರಿಗೂ ಎಲೆ ಕೊಡುತ್ತಿದ್ದವಳಿಗೆ ಈಗ ಇಸಕೊಳ್ಳುವುದು ಹೇಗೆಂದು ತಿಳಿಯಲಿಲ್ಲ.

"ನಾನ್ ಬರ್ಬ್ಯಾಡಿ ಅಂದಿದ್ನಲ್ಲ ರಾಯ್ರೇ..."

"ಗಿಡಕ್ಕೆ ಬರಬೇಡಿ ಅಂದ್ರಿ. ಅದಕ್ಕೇ ಮನೆಗೆ ಬಂದ್ವಿ" ಎಂದರು ರಾಯರು. "ನಾನು ಮೇಷ್ಟ್ರಾಗಿದ್ದೋನು ತಾಯಿ. ತಪ್ಪಾಯ್ತು ಅಂತ ಮನೆ ಬಾಗಿಲಿಗೆ ಬಂದು ಹೇಳಿದವರನ್ನ ನನ್ನ ಸರ್ವೀಸಿನಲ್ಲಿ ನೋಡಿರಲಿಲ್ಲ." ಆಮೇಲೆ ಸ್ವಲ್ಪ ನಾಚಿಕೊಂಡು, "ಪ್ರತಿವರ್ಷ ಆ ಒಬ್ಬಟ್ಟಿನ ವಾಸನೆ ಕುಡಿದು ಗೇಟಿನಿಂದ ವಾಪಸು ಹೋಗಿದೀನಿ. ಈ ವರ್ಷ ಶೇಷೂ ಕೂಡ ಸಾಕು ನಿಮ್ಮ ಮಡಿ ಅಂದ್ಲು" ಎಂದರು.

ಅವ್ವನ ಎರಡು ಕೈ ತುಂಬ ಎಲೆ. ಕಣ್ಣಲ್ಲಿ ನೀರು, ಒರೆಸಿಕೊಳ್ಳಲು ಕೈಯಿಲ್ಲ. ಮುಂದಕ್ಕೆ ಹಾಕಿದ್ದ ಬಾಗಿಲನ್ನು ಮೊಣಕೈಯಿಂದ ಗೋಡೆಯವರೆಗೂ ತಳ್ಳಿ, ಪಕ್ಕಕ್ಕೆ ಸರಿದು ನಿಂತಳು.

"ಬನ್ನಿ" ಅಂದಳು. "ಬನ್ನಿ, ಒಳೀಕ್ ಬನ್ನಿ."